ಡೆಂಡ್ರೋಬಿಯಂ ಗುರುತಿಸುವ ಕ್ರಮ: ಕಾಂಡದಿಂದ ಆರಂಭಿಸಿ ಹೆಸರಿನವರೆಗೆ

ಮರದ ಕೊಂಬೆಯ ಮೇಲೆ ಅರಳಿದ ಆರ್ಕಿಡ್ ಒಂದನ್ನು ಕಂಡವರು ಮೊದಲು ಗಮನಿಸುವುದು ಹೂವಿನ ಬಣ್ಣವನ್ನು. ಆಮೇಲೆ ಚಿತ್ರಗಳೊಂದಿಗೆ ಹೋಲಿಸಿ ನೋಡುವುದೂ ಆ ಬಣ್ಣವನ್ನೇ. ಡೆಂಡ್ರೋಬಿಯಂ ಎಂಬ ಆರ್ಕಿಡ್ ಗುಂಪಿನ ಮಟ್ಟಿಗೆ ಈ ದಾರಿಯಲ್ಲಿ ಹೊರಟರೆ ಬಹು ಬೇಗ ದಿಕ್ಕು ತಪ್ಪುತ್ತದೆ. ಸುಮಾರು 1,500 ಪ್ರಭೇದಗಳಿರುವ ಈ ಜಾತಿಯಲ್ಲಿ ಬಿಳಿ, ಹಳದಿ, ನೇರಳೆ, ಕಿತ್ತಳೆ, ಹಸಿರು ಎಲ್ಲ ಬಣ್ಣಗಳೂ ಇವೆ. ಒಂದೇ ಪ್ರಭೇದದ ಎರಡು ಗಿಡಗಳಲ್ಲಿ ಬಣ್ಣ ಬೇರೆಯಾಗಿರಬಹುದು, ಅರಳಿದ ದಿನ ಒಂದು ಛಾಯೆಯಲ್ಲಿದ್ದ ಹೂವು ಬಾಡುವ ಹೊತ್ತಿಗೆ ಮತ್ತೊಂದಕ್ಕೆ ತಿರುಗಬಹುದು. ಗಿಡ ಬೆಳೆಯುವ ರೀತಿ, ಹೂಗೊಂಚಲು ಹೊರಡುವ ಜಾಗ, ಹೂವಿನ ಬುಡದ ರಚನೆ, ಪರಾಗಪಿಂಡಗಳ (ಪರಾಗ ಒಟ್ಟುಗೂಡಿ ಗಟ್ಟಿಯಾದ ಉಂಡೆಗಳ) ಸಂಖ್ಯೆ ಇವುಗಳನ್ನು ಇದೇ ಕ್ರಮದಲ್ಲಿ ನೋಡುತ್ತ ಹೋದರೆ ಮಾತ್ರ ಗಿಡ ಯಾವ ಜಾತಿಗೆ ಸೇರಿದ್ದು ಎಂಬುದು ಖಚಿತವಾಗುತ್ತದೆ. ಅಲ್ಲಿಂದ ಮುಂದೆ ವಿಭಾಗ, ವಿಭಾಗದಿಂದ ಪ್ರಭೇದ. ಬಣ್ಣದ ಸರದಿ ಬರುವುದು ಕೊನೆಯಲ್ಲಿ. ಈ ಬರಹದಲ್ಲಿ ‘ಜಾತಿ’ ಎಂಬ ಪದವನ್ನು ಕುಟುಂಬಕ್ಕಿಂತ ಕೆಳಗಿನ, ಪ್ರಭೇದಕ್ಕಿಂತ ಮೇಲಿನ ಹಂತಕ್ಕೆ, ‘ವಿಭಾಗ’ ಎಂಬುದನ್ನು ಜಾತಿಯೊಳಗಿನ ಗುಂಪಿಗೆ ಬಳಸಲಾಗಿದೆ.

ಹುಡುಕಾಟಕ್ಕೆ ಮೊದಲು ಭೂಗೋಳದ ಎಲ್ಲೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಸ್ವೀಡನ್ನಿನ ಸಸ್ಯವಿಜ್ಞಾನಿ ಓಲೋಫ್ ಸ್ವಾರ್ಟ್ಸ್ 1799ರಲ್ಲಿ ಸ್ಥಾಪಿಸಿದ ಡೆಂಡ್ರೋಬಿಯಂ ಜಾತಿಯು ಭಾರತ ಮತ್ತು ಶ್ರೀಲಂಕಾಗಳಿಂದ ಪೂರ್ವಕ್ಕೆ ಹಿಮಾಲಯ, ಚೀನಾ, ಜಪಾನ್, ಕೊರಿಯಾಗಳವರೆಗೂ, ದಕ್ಷಿಣಕ್ಕೆ ಆಗ್ನೇಯ ಏಷ್ಯಾ, ನ್ಯೂಗಿನಿ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹಾಗೂ ಪೆಸಿಫಿಕ್ ದ್ವೀಪಗಳವರೆಗೂ ಹರಡಿದೆ. ಆಫ್ರಿಕಾ ಖಂಡದಲ್ಲಾಗಲಿ ಅಮೆರಿಕ ಖಂಡಗಳಲ್ಲಾಗಲಿ ಇದರ ಸಹಜ ನೆಲೆಯಿಲ್ಲ. ಪ್ರಭೇದಗಳು ಅತ್ಯಂತ ದಟ್ಟವಾಗಿರುವುದು ನ್ಯೂಗಿನಿಯ ಬೆಟ್ಟಗಳಲ್ಲಿ. ಕರ್ನಾಟಕದ ಪಾಲಿಗೆ ಬಂದಿರುವುದು ಚಿಕ್ಕದೊಂದು ಗುಂಪು; ಅದರ ಬಹುಪಾಲು ಪಶ್ಚಿಮ ಘಟ್ಟಗಳ ಉದ್ದಕ್ಕೂ, ಕೊಡಗು, ಬಿಸಿಲೆ, ಕುದುರೆಮುಖ, ಆಗುಂಬೆ, ಶಿರಸಿ ಕಡೆಯ ಮಳೆಕಾಡುಗಳಲ್ಲಿ ಮತ್ತು ಅವುಗಳಿಗೆ ತಾಗಿದ ಕಾಫಿ ತೋಟಗಳ ನೆರಳಿನ ಮರಗಳ ಮೇಲೆ ಇದೆ. ಗುಂಪು ಚಿಕ್ಕದಾಗಿರುವುದು ಕಲಿಯುವವರ ಭಾಗ್ಯ. ನಮ್ಮ ಕಾಡಿನ ಹತ್ತಾರು ಪ್ರಭೇದಗಳಲ್ಲಿ ಕಣ್ಣು ಪಳಗಿದರೆ ದೊಡ್ಡ ಗುಂಪನ್ನು ಅರ್ಥಮಾಡಿಕೊಳ್ಳುವುದು ಕಷ್ಟವಾಗುವುದಿಲ್ಲ.

ಬೇಕಾಗುವ ಸಲಕರಣೆ ಅಲ್ಪ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮಿಲಿಮೀಟರ್ ಗುರುತುಗಳಿರುವ ಅಳತೆಪಟ್ಟಿ, ಒಂದು ಸೂಜಿ, ಹತ್ತಿರದ ಚಿತ್ರ ತೆಗೆಯಬಲ್ಲ ಮೊಬೈಲ್, ಟಿಪ್ಪಣಿ ಪುಸ್ತಕ ಇಷ್ಟಿದ್ದರೆ ಸಾಕು.

ಮೊದಲು ಬೇರು, ಆಮೇಲೆ ಕಾಂಡ

ಮರದ ಮೇಲೆ ಬೆಳೆದದ್ದನ್ನೆಲ್ಲ ಬಂದಳಿಕೆ ಎಂದು ಕಿತ್ತೆಸೆಯುವ ರೂಢಿ ನಮ್ಮ ತೋಟಗಳಲ್ಲಿ ಇನ್ನೂ ಇರುವುದರಿಂದ ಈ ವ್ಯತ್ಯಾಸವನ್ನು ಮೊದಲೇ ಹೇಳಬೇಕು. ನಿಜವಾದ ಬಂದಳಿಕೆ ಮರದ ಕಟ್ಟಿಗೆಯೊಳಕ್ಕೆ ತನ್ನ ಬೇರನ್ನು ಇಳಿಸಿ ನೀರು ಮತ್ತು ಲವಣಗಳನ್ನು ಹೀರುವ ಪರಾವಲಂಬಿ. ಅದರ ಕೊಂಬೆಗಳು ಗಟ್ಟಿ ಕಟ್ಟಿಗೆಯಂತಿರುತ್ತವೆ. ಆರ್ಕಿಡ್ ಹಾಗಲ್ಲ. ಅದು ತೊಗಟೆಯನ್ನು ಅಪ್ಪಿ ಹಿಡಿದು, ಮಳೆ, ಮಂಜು ಮತ್ತು ಕೊಳೆತ ಎಲೆಪುಡಿಗಳಿಂದಲೇ ಬದುಕುವ ಅಪ್ಪುಗಿಡ. ಅದರ ಬೇರಿನ ಸುತ್ತ ಸತ್ತ ಕೋಶಗಳಿಂದಾದ, ಬೆಳ್ಳಗಿನ, ಸ್ಪಂಜಿನಂಥ ಹೊದಿಕೆ ಇರುತ್ತದೆ. ವೆಲಮೆನ್ ಎಂದು ಕರೆಯುವ ಈ ಪದರ ಒಣಗಿದಾಗ ಬೂದುಬಿಳಿಯಾಗಿಯೂ, ನೀರು ತಾಗಿದ ಕೂಡಲೇ ಒಳಗಿನ ಹಸಿರು ಕಾಣುವಂತೆಯೂ ಬದಲಾಗುತ್ತದೆ. ಬೇರಿನ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿದರೆ ಸಂದೇಹ ತೀರುತ್ತದೆ.

ಆರ್ಕಿಡ್ ಎಂದು ಖಚಿತವಾದ ಮೇಲೆ ಬೆಳವಣಿಗೆಯ ರೀತಿಯನ್ನು ನೋಡಬೇಕು. ನಮ್ಮ ಮಲೆನಾಡಿನ ಸೀತಾಳೆ ದಂಡೆ, ಅಂದರೆ ರಿಂಕೋಸ್ಟೈಲಿಸ್, ಮತ್ತು ಅದರ ಬಂಧುಗಳಾದ ಏರಿಡಿಸ್, ವಾಂಡಾಗಳಲ್ಲಿ ಒಂದೇ ಕಾಂಡ ವರ್ಷದಿಂದ ವರ್ಷಕ್ಕೆ ತುದಿಯಲ್ಲೇ ಬೆಳೆಯುತ್ತ ಹೋಗುತ್ತದೆ. ಡೆಂಡ್ರೋಬಿಯಂನಲ್ಲಿ ಒಂದು ಕಾಂಡದ ಬೆಳವಣಿಗೆ ಒಂದು ಹಂತಕ್ಕೆ ನಿಂತುಬಿಡುತ್ತದೆ. ಮುಂದಿನ ಮಳೆಗಾಲಕ್ಕೆ ಅದರ ಬುಡದಿಂದ ಹೊಸ ಚಿಗುರೊಡೆದು ಇನ್ನೊಂದು ಕಾಂಡವಾಗುತ್ತದೆ. ಆದ್ದರಿಂದ ಗಿಡದಲ್ಲಿ ಹಳೆಯ, ಎಲೆಯುದುರಿದ, ಸುಕ್ಕುಗಟ್ಟಿದ ಕಾಂಡಗಳೂ ಹೊಸ ಹಸಿರು ಕಾಂಡಗಳೂ ಪಕ್ಕಪಕ್ಕದಲ್ಲಿ ಗುಂಪಾಗಿ ನಿಂತಿರುತ್ತವೆ. ನೀರು ಮತ್ತು ಆಹಾರವನ್ನು ಕೂಡಿಟ್ಟುಕೊಂಡು ಉಬ್ಬಿದ ಈ ಕಾಂಡಗಳಿಗೆ ಹುಸಿಗಡ್ಡೆ ಎಂಬ ಹೆಸರಿದೆ, ಆದರೆ ಎಲ್ಲ ಪ್ರಭೇದಗಳಲ್ಲಿ ಅವು ಗಡ್ಡೆಯ ಹಾಗೆ ಕಾಣುವುದಿಲ್ಲ. ಕೆಲವು ಕಬ್ಬಿನ ಜಲ್ಲೆಯಂತೆ ಉದ್ದವಾಗಿ ಗೆಣ್ಣುಗೆಣ್ಣಾಗಿರುತ್ತವೆ, ಕೆಲವು ನಡುವೆ ದಪ್ಪಗಾಗಿ ಎರಡು ತುದಿಗಳಲ್ಲಿ ಸಣ್ಣಗಾಗುತ್ತವೆ, ಕೆಲವು ಬೆರಳ ಗೆಣ್ಣಿನಷ್ಟೂ ಉದ್ದವಿರುವುದಿಲ್ಲ. ನ್ಯೂಗಿನಿಯ ಡೆಂಡ್ರೋಬಿಯಂ ಕತ್‌ಬರ್ಟ್‌ಸೋನಿಯೈ ಇಡೀ ಗಿಡವೇ ಕೆಲವು ಸೆಂಟಿಮೀಟರ್ ಎತ್ತರದ್ದು. ಅದೇ ಪ್ರದೇಶದ ಕೆಲವು ಪ್ರಭೇದಗಳ ಕಾಂಡ ಎರಡು ಮೂರು ಮೀಟರ್ ದಾಟುತ್ತದೆ.

ಗಾತ್ರವನ್ನು ಬಿಟ್ಟು ಗೆಣ್ಣುಗಳನ್ನು ಎಣಿಸಿ. ಡೆಂಡ್ರೋಬಿಯಂಗೆ ಅತಿ ಸಮೀಪದ ಬಂಧುವಾದ ಬಲ್ಬೋಫಿಲಂನಲ್ಲಿ ಪ್ರತಿ ಹುಸಿಗಡ್ಡೆಯೂ ಒಂದೇ ಗೆಣ್ಣಂತರದಿಂದ ಆಗಿರುತ್ತದೆ, ಅದರ ನೆತ್ತಿಯ ಮೇಲೆ ಸಾಮಾನ್ಯವಾಗಿ ಒಂದು, ಅಪರೂಪಕ್ಕೆ ಎರಡು ಎಲೆಗಳಿರುತ್ತವೆ, ಇಂಥ ಗಡ್ಡೆಗಳು ತೆವಳುವ ಬೇರುಕಾಂಡದ ಮೇಲೆ ಸಾಲಾಗಿ ಕೂತಿರುತ್ತವೆ. ಡೆಂಡ್ರೋಬಿಯಂನ ಕಾಂಡದಲ್ಲಿ ಬಹುತೇಕ ಹಲವು ಗೆಣ್ಣುಗಳಿರುತ್ತವೆ, ಎಲೆಗಳು ಎರಡು ಸಾಲಿನಲ್ಲಿ ಎದುರುಬದುರಾಗಿ ಹೊರಟು, ಉದುರಿದ ಮೇಲೂ ಪ್ರತಿ ಗೆಣ್ಣಿನಲ್ಲಿ ಎಲೆಬುಡದ ಕವಚವನ್ನು ಒಣ ಕಾಗದದಂತೆ ಬಿಟ್ಟುಹೋಗುತ್ತವೆ. ಆ ಒಣ ಕವಚವನ್ನು ಸುಲಿದು ಎಸೆಯಬಾರದು. ಅದರ ಮೇಲಿನ ಕೂದಲು, ಗೆರೆ, ಬಣ್ಣಗಳು ಮುಂದೆ ವಿಭಾಗ ನಿರ್ಣಯಿಸುವಾಗ ಬೇಕಾಗುತ್ತವೆ.

ಹೂಗೊಂಚಲು ಎಲ್ಲಿಂದ ಹೊರಟಿದೆ

ಇದು ನನ್ನ ದೃಷ್ಟಿಯಲ್ಲಿ ಅತ್ಯಂತ ಉಪಯುಕ್ತವಾದ ಪರೀಕ್ಷೆ, ಏಕೆಂದರೆ ಹೂವು ಉದುರಿ ತಿಂಗಳುಗಳಾದ ಮೇಲೂ ಇದನ್ನು ಮಾಡಬಹುದು. ಡೆಂಡ್ರೋಬಿಯಂನ ಹೂಗೊಂಚಲು ಕಾಂಡದ ಪಕ್ಕದ ಗೆಣ್ಣುಗಳಿಂದ, ಹೆಚ್ಚಾಗಿ ಕಾಂಡದ ಮೇಲರ್ಧದಿಂದ ಅಥವಾ ತುದಿಯ ಹತ್ತಿರದಿಂದ ಹೊರಡುತ್ತದೆ. ಕಳೆದ ವರ್ಷದ ಬರಿಗಾಂಡದಲ್ಲೂ ಹೂವು ಬರಬಹುದು. ಹಾಗೆ ಬಂದಲ್ಲೆಲ್ಲ ಗೆಣ್ಣಿನ ಪಕ್ಕ ಒಣಗಿದ ತೊಟ್ಟಿನ ಮೊಟಕು ಉಳಿದಿರುತ್ತದೆ. ಬಲ್ಬೋಫಿಲಂನಲ್ಲಿ ಹೂದಂಟು ಹುಸಿಗಡ್ಡೆಯ ಬುಡದಿಂದ ಅಥವಾ ಬೇರುಕಾಂಡದಿಂದ ಮೇಲೇಳುತ್ತದೆ. ಸಿಂಬಿಡಿಯಂನಲ್ಲಿಯೂ ಬುಡದಿಂದಲೇ. ಸಿಲೋಜೈನಿಯಲ್ಲಿ ಚಿಗುರಿನ ತುದಿಯಿಂದ, ಎಂದರೆ ಎರಡು ಎಲೆಗಳ ನಡುವಿನಿಂದಲೋ ಇನ್ನೂ ಗಡ್ಡೆಯಾಗದ ಎಳೆ ಮೊಳಕೆಯ ನೆತ್ತಿಯಿಂದಲೋ ಹೂವು ಬರುತ್ತದೆ.

ಕೆಲವೊಮ್ಮೆ ಹಳೆಯ ಕಾಂಡದ ಗೆಣ್ಣಿನಲ್ಲಿ ಹೂವಿನ ಬದಲು ಬೇರುಸಹಿತ ಮರಿಗಿಡ ಮೂಡಿರುತ್ತದೆ. ಇದನ್ನು ಹೂಗೊಂಚಲಿನ ಗುರುತೆಂದು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಹೂವಿನ ಪಕ್ಕದ ನೋಟ

ಆರ್ಕಿಡ್ ಹೂವನ್ನು ಎದುರಿನಿಂದ ನೋಡಿ ಮೆಚ್ಚುವುದು ಸಹಜ, ಆದರೆ ಡೆಂಡ್ರೋಬಿಯಂನ ಗುರುತು ಇರುವುದು ಪಕ್ಕದಲ್ಲಿ. ಹೊರಸುತ್ತಿನಲ್ಲಿ ಮೂರು ಪುಷ್ಪಪತ್ರಗಳು, ಒಳಸುತ್ತಿನಲ್ಲಿ ಎರಡು ದಳಗಳು ಮತ್ತು ರೂಪ ಬದಲಿಸಿಕೊಂಡ ಮೂರನೆಯ ದಳವಾದ ತುಟಿ, ನಡುವೆ ಗಂಡು ಹೆಣ್ಣು ಅಂಗಗಳೆರಡೂ ಕೂಡಿಕೊಂಡ ಸ್ತಂಭ. ಇಷ್ಟು ಎಲ್ಲ ಆರ್ಕಿಡ್‌ಗಳಿಗೂ ಸಮಾನ. ಡೆಂಡ್ರೋಬಿಯಂನಲ್ಲಿ ಈ ಸ್ತಂಭದ ಬುಡವು ಮುಂದಕ್ಕೆ ಚಾಚಿ ಒಂದು ಪಾದವಾಗುತ್ತದೆ; ಎರಡು ಪಕ್ಕದ ಪುಷ್ಪಪತ್ರಗಳ ಬುಡ ಆ ಪಾದದ ಉದ್ದಕ್ಕೂ ಅಂಟಿಕೊಂಡು ಹೂವಿನ ಕೆಳಗೆ ಚೂಪಾದ ಅಥವಾ ದುಂಡಾದ ಉಬ್ಬೊಂದನ್ನು ಮಾಡುತ್ತವೆ. ಸಸ್ಯವಿಜ್ಞಾನದಲ್ಲಿ ಮೆಂಟಂ ಎನ್ನುವ ಈ ಭಾಗವನ್ನು ಇಲ್ಲಿ ಗದ್ದ ಎಂದು ಕರೆಯೋಣ. ತುಟಿಯು ಪಾದದ ತುದಿಗೆ ಸೇರಿಕೊಂಡಿರುತ್ತದೆ. ಗದ್ದದ ಉದ್ದ, ಅದರ ಬಾಗು, ತುದಿ ಮೊಂಡಾಗಿದೆಯೋ ಚೂಪಾಗಿದೆಯೋ ಎಂಬುದು ಪ್ರಭೇದಗಳನ್ನು ಬೇರ್ಪಡಿಸುವಾಗ ಎಷ್ಟು ಮುಖ್ಯವೆಂದರೆ, ಪಕ್ಕದ ಚಿತ್ರವಿಲ್ಲದ ಹತ್ತು ಸುಂದರ ಚಿತ್ರಗಳಿಗಿಂತ ಪಕ್ಕದಿಂದ ತೆಗೆದ ಒಂದು ಸಾಧಾರಣ ಚಿತ್ರವೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಗದ್ದವೊಂದನ್ನೇ ನೆಚ್ಚಿ ನಿರ್ಣಯಕ್ಕೆ ಬರುವಂತಿಲ್ಲ. ಬಲ್ಬೋಫಿಲಂನಲ್ಲೂ ಸ್ತಂಭಕ್ಕೆ ಪಾದವಿದೆ, ಆದರೆ ಅಲ್ಲಿ ತುಟಿಯು ಪಾದದ ತುದಿಗೆ ಕೀಲಿನಂತೆ ಕೂಡಿಕೊಂಡು, ಮೆಲ್ಲಗೆ ಊದಿದರೂ ಅಲುಗಾಡುತ್ತದೆ. ಇರಿಯಾ ಎಂಬ ಇನ್ನೊಂದು ಆರ್ಕಿಡ್ ಜಾತಿಯಲ್ಲೂ ಪಾದವೂ ಗದ್ದವೂ ಇವೆ, ಹೂಗೊಂಚಲು ಕೂಡ ಕಾಂಡದ ಮೇಲ್ಭಾಗದಿಂದ ಹೊರಡುತ್ತದೆ. ಹೊರನೋಟಕ್ಕೆ ಡೆಂಡ್ರೋಬಿಯಂ ಎಂದೇ ಅನ್ನಿಸುವ ಗಿಡ ಅದು. ಇಂಥಲ್ಲಿ ಸೂಜಿ ಹಿಡಿಯಬೇಕಾಗುತ್ತದೆ.

ಸ್ತಂಭದ ನೆತ್ತಿಯಲ್ಲಿ ಪುಟ್ಟ ಟೋಪಿಯಂಥ ಪರಾಗಕೋಶದ ಮುಚ್ಚಳವಿದೆ. ಸೂಜಿಯ ತುದಿಯಿಂದ ಅದನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎತ್ತಿದರೆ ಒಳಗೆ ಮೇಣದಂತೆ ಗಟ್ಟಿಯಾದ, ಸಾಮಾನ್ಯವಾಗಿ ಹಳದಿ ಬಣ್ಣದ ಪರಾಗಪಿಂಡಗಳು ಕಾಣುತ್ತವೆ. ಡೆಂಡ್ರೋಬಿಯಂನಲ್ಲಿ ಇವು ನಾಲ್ಕು, ಎರಡೆರಡರ ಜೋಡಿಯಾಗಿರುತ್ತವೆ. ಬಾಲವಾಗಲಿ ಅಂಟುತುದಿಯಾಗಲಿ ಇಲ್ಲದೆ ಅವು ಬೆತ್ತಲೆಯಾಗಿರುತ್ತವೆ. ಇರಿಯಾದಲ್ಲಿ ಎಂಟು. ಸಿಲೋಜೈನಿಯಲ್ಲಿ ನಾಲ್ಕೇ ಇದ್ದರೂ ಅವುಗಳಿಗೆ ಬಾಲವಿದೆ, ಸ್ತಂಭಕ್ಕೆ ಪಾದವಿಲ್ಲ. ವಾಂಡಾದಲ್ಲಿ ಎರಡು, ಅವು ಪಟ್ಟಿಯಂಥ ತೊಟ್ಟಿನ ಮೂಲಕ ಒಂದು ಅಂಟುಬಿಲ್ಲೆಗೆ ಕೂಡಿಕೊಂಡಿರುತ್ತವೆ. ಒಂದು ಗಿಡದಿಂದ ಒಂದೇ ಹೂವನ್ನು ಈ ಪರೀಕ್ಷೆಗೆ ಬಳಸಿದರೆ ಸಾಕು. ಕೆಳಗೆ ಬಿದ್ದ ತಾಜಾ ಹೂವು ಸಿಕ್ಕರೆ ಅದೂ ಬೇಡ.

ಹಲವು ಗೆಣ್ಣಿನ ಕಾಂಡ, ಪಕ್ಕದ ಗೆಣ್ಣಿನಿಂದ ಹೂಗೊಂಚಲು, ಗದ್ದ, ನಾಲ್ಕು ಬೆತ್ತಲೆ ಪರಾಗಪಿಂಡಗಳು ಈ ನಾಲ್ಕೂ ಕೂಡಿ ಬಂದರೆ ಗಿಡವು ಡೆಂಡ್ರೋಬಿಯಂ. ಆಗ ಅದರ ವಂಶದ ವಿಳಾಸ ಹೀಗೆ: ಆರ್ಕಿಡೇಸಿ ಕುಟುಂಬ, ಎಪಿಡೆಂಡ್ರಾಯ್ಡೀ ಉಪಕುಟುಂಬ, ಮಲಾಕ್ಸಿಡೀ ಪಂಗಡ, ಡೆಂಡ್ರೋಬೈನೀ ಉಪಪಂಗಡ. 2015ರಲ್ಲಿ ಪ್ರಕಟವಾದ ಆರ್ಕಿಡ್ ವರ್ಗೀಕರಣದಂತೆ ಈ ಉಪಪಂಗಡದಲ್ಲಿರುವುದು ಎರಡೇ ಜಾತಿಗಳು, ಡೆಂಡ್ರೋಬಿಯಂ ಮತ್ತು ಬಲ್ಬೋಫಿಲಂ. ಆದರೆ ಆ ಎರಡರಲ್ಲೇ ಮೂರು ಸಾವಿರಕ್ಕೂ ಹೆಚ್ಚು ಪ್ರಭೇದಗಳು ಅಡಗಿವೆ. ನೋಟಕ್ಕೆ ಅಷ್ಟು ಹತ್ತಿರವೆನಿಸುವ ಇರಿಯಾ ಬೇರೆಯೇ ಆದ ಪೊಡೋಕೈಲೀ ಪಂಗಡದ್ದು.

ವಿಭಾಗಗಳ ಒಳಹೊಕ್ಕು

ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಜಾತಿಯನ್ನು ವಿಭಾಗಗಳ ನೆರವಿಲ್ಲದೆ ಬಳಸಲಾಗದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಲಿಂಡ್ಲಿ ಡೆಂಡ್ರೋಬಿಯಂನೊಳಗೆ ಗುಂಪುಗಳನ್ನು ಮಾಡಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಗಿನಿಯ ಆರ್ಕಿಡ್‌ಗಳನ್ನು ಅಭ್ಯಸಿಸಿದ ಜರ್ಮನಿಯ ರುಡಾಲ್ಫ್ ಶ್ಲೆಕ್ಟರ್ ಅದನ್ನು ಸುಮಾರು ನಲವತ್ತು ವಿಭಾಗಗಳಾಗಿ ವಿಂಗಡಿಸಿದರು. ಇವತ್ತಿಗೂ ಬಳಕೆಯಲ್ಲಿರುವ ವಿಭಾಗಗಳ ಹೆಸರುಗಳಲ್ಲಿ ಬಹಳಷ್ಟು ಅವರ ವ್ಯವಸ್ಥೆಯಿಂದ ಬಂದವು. ಕಾಂಡ ಮತ್ತು ಎಲೆಗಳನ್ನು ಮೊದಲು ನೋಡಬೇಕೆಂದು ಮೇಲೆ ಹೇಳಿದ್ದರ ಪ್ರಯೋಜನ ಇಲ್ಲಿ ಸ್ಪಷ್ಟವಾಗುತ್ತದೆ, ಏಕೆಂದರೆ ವಿಭಾಗಗಳನ್ನು ಬೇರ್ಪಡಿಸುವ ಗುರುತುಗಳಲ್ಲಿ ಅನೇಕವು ಹೂವಿಲ್ಲದ ಗಿಡದಲ್ಲೂ ಕಾಣುತ್ತವೆ.

ಎಲೆಬುಡದ ಕವಚದ ಮೇಲೆ, ಕೆಲವೊಮ್ಮೆ ಎಲೆಗಳ ಮೇಲೂ, ಕಪ್ಪು ಕೂದಲುಗಳಿದ್ದರೆ ಅದು ಫಾರ್ಮೋಸೀ ವಿಭಾಗ. ದೊಡ್ಡ ಬಿಳಿ ಹೂಗಳ ಡೆಂಡ್ರೋಬಿಯಂ ಫಾರ್ಮೋಸಂ ಇದರ ಪ್ರಸಿದ್ಧ ಪ್ರತಿನಿಧಿ, ನಮ್ಮ ಈಶಾನ್ಯ ರಾಜ್ಯಗಳಲ್ಲಿದೆ. ಕಾಂಡ ಗಟ್ಟಿಯಾಗಿ, ತುದಿಯಲ್ಲಿ ತೊಗಲಿನಂಥ ಕೆಲವೇ ಎಲೆಗಳನ್ನು ವರ್ಷವಿಡೀ ಉಳಿಸಿಕೊಂಡು, ತುದಿಯ ಹತ್ತಿರದಿಂದ ದಟ್ಟವಾದ ಜೋಲುಗೊಂಚಲುಗಳನ್ನು ಇಳಿಬಿಟ್ಟಿದ್ದರೆ ಡೆನ್ಸಿಫ್ಲೋರಾ ವಿಭಾಗವನ್ನು ನೆನೆಯಬೇಕು. ಹಿಮಾಲಯದ ಹಳದಿ ಹೂವಿನ ಡೆಂಡ್ರೋಬಿಯಂ ಡೆನ್ಸಿಫ್ಲೋರಂ ಈ ಗುಂಪಿನದು. ಎಲೆಗಳು ಪಕ್ಕದಿಂದ ಚಪ್ಪಟೆಯಾಗಿ, ಒಂದರ ಬುಡವನ್ನು ಒಂದು ಅಪ್ಪಿಕೊಂಡು ಜಡೆ ಹೆಣೆದಂತಿದ್ದರೆ ಅದು ಏಪೋರಂ. ಕಾಂಡದ ಕೆಳಗಿನ ಕೆಲವು ಗೆಣ್ಣುಗಳು ಮಾತ್ರ ಉಬ್ಬಿ, ಅಲ್ಲಿಂದ ಮೇಲೆ ತಂತಿಯಂತೆ ಸಣ್ಣಗಾದ ಗಿಡ ಕ್ರುಮೆನೇಟಾ ವಿಭಾಗದ್ದು.

ಈ ಕೊನೆಯ ವಿಭಾಗದ ಡೆಂಡ್ರೋಬಿಯಂ ಕ್ರುಮೆನೇಟಂ ಬಗ್ಗೆ ಎರಡು ಮಾತು ಹೆಚ್ಚು ಹೇಳುವುದು ಉಚಿತ. ಶ್ರೀಲಂಕಾ ಮತ್ತು ಅಂಡಮಾನ್‌ನಿಂದ ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾಗಳವರೆಗೆ ಸಾಮಾನ್ಯವಾಗಿರುವ ಈ ಬಿಳಿ ಹೂವಿನ ಗಿಡದಲ್ಲಿ ಮೊಗ್ಗುಗಳು ಅರ್ಧಕ್ಕೆ ಬೆಳೆದು ನಿಂತಿರುತ್ತವೆ. ಜೋರು ಮಳೆ ಬಂದು ಗಾಳಿಯ ಉಷ್ಣಾಂಶ ಒಮ್ಮೆಲೇ ಕೆಲವು ಡಿಗ್ರಿ ಇಳಿದರೆ ಅವು ಮತ್ತೆ ಬೆಳೆಯತೊಡಗಿ, ಸುಮಾರು ಒಂಬತ್ತು ದಿನಗಳ ನಂತರ ಆ ಪ್ರದೇಶದ ಗಿಡಗಳೆಲ್ಲ ಒಂದೇ ಬೆಳಗ್ಗೆ ಅರಳಿ, ಒಂದೇ ದಿನದಲ್ಲಿ ಬಾಡುತ್ತವೆ. ಪರಕೀಯ ಪರಾಗಸ್ಪರ್ಶಕ್ಕೆ ಇದಕ್ಕಿಂತ ಚೆಲುವಾದ ಏರ್ಪಾಡು ಸಸ್ಯಲೋಕದಲ್ಲಿ ಅಪರೂಪ. ಹೂಬಿಡುವ ದಿನವನ್ನೂ ಅದರ ಹಿಂದಿನ ವಾರದ ಮಳೆಯನ್ನೂ ಬರೆದಿಟ್ಟುಕೊಳ್ಳಬೇಕೆನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಪಶ್ಚಿಮ ಘಟ್ಟಗಳಲ್ಲಿ ಹೆಚ್ಚಾಗಿ ಎದುರಾಗುವುದು ಎರಡು ವಿನ್ಯಾಸಗಳು. ಉದ್ದನೆಯ ಜಲ್ಲೆಗಾಂಡದಲ್ಲಿ ಎಲೆಯೆಲ್ಲ ಉದುರಿದ ಮೇಲೆ ಗೆಣ್ಣುಗೆಣ್ಣಿಗೂ ಒಂದೆರಡು ಮೂರು ಹೂಗಳು ಬಂದಿದ್ದರೆ ಅದು ಜಾತಿಯ ಹೆಸರನ್ನೇ ಹೊತ್ತ ಡೆಂಡ್ರೋಬಿಯಂ ವಿಭಾಗ. ನಮ್ಮಲ್ಲಿ ಡೆಂಡ್ರೋಬಿಯಂ ಕ್ರೆಪಿಡೇಟಂ ಮತ್ತು ಡೆಂಡ್ರೋಬಿಯಂ ಮ್ಯಾಕ್ರೋಸ್ಟೇಕಿಯಂ ಇದರಲ್ಲಿ ಬರುತ್ತವೆ. ಈಶಾನ್ಯದ ಹೆಸರಾಂತ ಡೆಂಡ್ರೋಬಿಯಂ ನೋಬಿಲೆ ಕೂಡ ಇದೇ ವಿಭಾಗದ್ದು. ಇನ್ನೊಂದು, ಕುಳ್ಳಗಿನ ಸ್ಟೇಕಿಯೋಬಿಯಂ ವಿಭಾಗ. ಇದರ ಡೆಂಡ್ರೋಬಿಯಂ ಮೈಕ್ರೋಬಲ್ಬಾನ್‌ನಂಥ ಗಿಡಗಳಲ್ಲಿ ಕಾಂಡ ಒಂದೆರಡು ಬೆರಳಗಲವಷ್ಟೇ. ಪಾಚಿಯ ನಡುವೆ ಎಲೆಯಿಲ್ಲದೆ ಕೂತಿರುವ ಆ ಪುಟ್ಟ ಗಡ್ಡೆಗಳನ್ನು ಬಲ್ಬೋಫಿಲಂ ಎಂದು ತಪ್ಪು ತಿಳಿಯುವುದು ಬಹಳ ಸುಲಭ. ಗೆಣ್ಣುಗಳ ಎಣಿಕೆಯನ್ನೂ ಹೂದಂಟಿನ ಜಾಗವನ್ನೂ ಮತ್ತೊಮ್ಮೆ ನೋಡಬೇಕಾದದ್ದು ಇಲ್ಲೇ.

ಕ್ರೆಪಿಡೇಟಂ ಮತ್ತು ಮ್ಯಾಕ್ರೋಸ್ಟೇಕಿಯಂ ಬೇರ್ಪಡಿಸಲು ಕಷ್ಟವಿಲ್ಲ. ಮೊದಲನೆಯದರ ಕಾಂಡ ದಪ್ಪ, ಕವಚದ ಮೇಲೆ ಬಿಳಿಯ ಉದ್ದಗೆರೆಗಳಿರುತ್ತವೆ. ಹೂವು ಮೇಣ ಬಳಿದಂತೆ ಹೊಳೆಯುತ್ತ, ಬಿಳಿಯಿಂದ ನಸುನೇರಳೆಯ ನಡುವಿನ ಛಾಯೆಯಲ್ಲಿದ್ದು, ತುಟಿಯ ನಡುವೆ ಹಳದಿ ಇರುತ್ತದೆ. ಎರಡನೆಯದರ ಕಾಂಡ ಸಣ್ಣಗೆ, ಹಗ್ಗದಂತೆ ಕೊಂಬೆಯಿಂದ ಜೋತುಬಿದ್ದಿರುತ್ತದೆ. ಹೂವು ತೆಳು ಹಸುರುಹಳದಿ, ತುಟಿ ಸುರುಳಿಯಾಗಿ ಅದರ ಅಂಚಿನಲ್ಲಿ ನವಿರು ಕೂದಲುಗಳಿರುತ್ತವೆ. ಕ್ರೆಪಿಡೇಟಂ ಪಶ್ಚಿಮ ಘಟ್ಟಗಳಲ್ಲಿಯೂ, ಬಹು ದೂರದ ಪೂರ್ವ ಹಿಮಾಲಯದಿಂದ ನೈರುತ್ಯ ಚೀನಾದವರೆಗಿನ ಪ್ರದೇಶದಲ್ಲಿಯೂ ಸಿಗುತ್ತದೆ. ಹಾಗಾಗಿ ಈಶಾನ್ಯದ ಚಿತ್ರವೊಂದು ನಮ್ಮ ಗಿಡಕ್ಕೆ ಹೊಂದಿದರೆ ಅಚ್ಚರಿಪಡಬೇಕಿಲ್ಲ.

ಒಂದು ಕಠಿಣ ಜೋಡಿ

ಚಳಿಗಾಲದ ಕೊನೆಯಿಂದ ಬೇಸಿಗೆಯ ಆರಂಭದವರೆಗೆ ಮಲೆನಾಡಿನ ಮರಗಳಲ್ಲಿ ಎಲೆಯಿಲ್ಲದ ಕಾಂಡಗಳ ತುದಿಗೆ ತಿಳಿಬಣ್ಣದ ಹೂಗೊಂಚಲು ಬಿಡುವ ಎರಡು ಪ್ರಭೇದಗಳಿವೆ: ಡೆಂಡ್ರೋಬಿಯಂ ಬಾರ್ಬಟುಲಂ ಮತ್ತು ಡೆಂಡ್ರೋಬಿಯಂ ಓವೇಟಂ. ಇವೆರಡನ್ನೂ ಒಂದರ ಹೆಸರಿನಲ್ಲಿ ಇನ್ನೊಂದನ್ನು ದಾಖಲಿಸುವ ತಪ್ಪು ಪದೇ ಪದೇ ಆಗುತ್ತದೆ. ತಾಜಾ ಹೂವಿನಲ್ಲಿ ಬಾರ್ಬಟುಲಂ ಬಿಳಿಯದು, ಒಮ್ಮೊಮ್ಮೆ ನಸುಗೆಂಪಿನ ಛಾಯೆಯಿರುತ್ತದೆ. ಓವೇಟಂ ಕೆನೆಬಣ್ಣದಿಂದ ತೆಳುಹಳದಿಯವರೆಗಿದ್ದು ಗಂಟಲಿನಲ್ಲಿ ಹಸಿರು ಕಾಣುತ್ತದೆ. ಬಣ್ಣವು ನಿಜವಾಗಿ ನೆರವಿಗೆ ಬರುವ ಕೆಲವೇ ಸಂದರ್ಭಗಳಲ್ಲಿ ಇದೊಂದು, ಆದರೆ ಅದನ್ನು ಹೂವು ತಾಜಾ ಇರುವಾಗಲೇ ಬರೆದಿಟ್ಟುಕೊಳ್ಳಬೇಕು. ಒತ್ತಿ ಒಣಗಿಸಿದ ಮಾದರಿಯಲ್ಲಿ ಎರಡೂ ಒಂದೇ ಕಂದು ಬಣ್ಣಕ್ಕೆ ತಿರುಗಿಬಿಡುತ್ತವೆ. ಬಣ್ಣದ ಜೊತೆಗೆ ತುಟಿಯನ್ನು ಬಿಡಿಸಿ, ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಚಪ್ಪಟೆಯಾಗಿ ಹರಡಿ, ಅದರ ಮೂರು ಹಾಲೆಗಳ (ಭಾಗಗಳ) ಆಕಾರ ಮತ್ತು ಅಳತೆಯನ್ನು ಚಿತ್ರಿಸಿಕೊಳ್ಳಬೇಕು. ದಳಗಳ ಅಗಲವನ್ನೂ ಗದ್ದದ ಉದ್ದವನ್ನೂ ಅಳೆಯಬೇಕು. ಈ ಅಳತೆಗಳಿದ್ದರೆ ಮುಂದೆ ಸಸ್ಯಾಗಾರದಲ್ಲಿ ಒಣಗಿಸಿ ಕೂಡಿಟ್ಟಿರುವ ಮಾದರಿಯೊಂದಿಗೆ ಹೋಲಿಸುವುದು ಸಾಧ್ಯ.

ಓವೇಟಂ ಹೆಸರಿನ ಹಿಂದಿನ ಚರಿತ್ರೆ ನಮ್ಮ ಕರಾವಳಿಯ ನೆರೆಯಲ್ಲೇ ಹುಟ್ಟಿದ್ದು. ಕೊಚ್ಚಿಯಲ್ಲಿ ಡಚ್ ಆಡಳಿತದ ಮುಖ್ಯಸ್ಥನಾಗಿದ್ದ ಹೆಂಡ್ರಿಕ್ ವಾನ್ ರೀಡೆ, ಮಲಬಾರಿನ ವೈದ್ಯರ ನೆರವಿನಿಂದ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ ಹನ್ನೆರಡನೆಯ ಸಂಪುಟ 1693ರಲ್ಲಿ ಹೊರಬಂತು. ಮರದ ಮೇಲೆ ಬೆಳೆಯುವ ಆರ್ಕಿಡ್‌ಗಳ ಚಿತ್ರಗಳು ಅದರಲ್ಲಿವೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನಿಯಸ್ ಈ ಸಸ್ಯಕ್ಕೆ ಎಪಿಡೆಂಡ್ರಂ ಓವೇಟಂ ಎಂದು ಹೆಸರಿಟ್ಟನು, ಏಕೆಂದರೆ ಮರದ ಮೇಲಿನ ಆರ್ಕಿಡ್‌ಗಳನ್ನು ಅವನು ಎಪಿಡೆಂಡ್ರಂ ಎಂಬ ಒಂದೇ ಜಾತಿಯಲ್ಲಿ ಸೇರಿಸಿದ್ದನು. 1910ರಲ್ಲಿ ಜರ್ಮನಿಯ ಫ್ರೀಡ್ರಿಕ್ ಕ್ರೆಂಟ್ಸ್ಲಿನ್ ಅದನ್ನು ಡೆಂಡ್ರೋಬಿಯಂಗೆ ವರ್ಗಾಯಿಸಿದರು. ನಡುವೆ 1844ರಲ್ಲಿ ಲಿಂಡ್ಲಿ ಇದೇ ಸಸ್ಯವನ್ನು ಹೊಸದೆಂದು ಭಾವಿಸಿ ಡೆಂಡ್ರೋಬಿಯಂ ಕ್ಲೋರಾಪ್ಸ್ ಎಂದು ಕರೆದಿದ್ದರಿಂದ ಹಳೆಯ ಬರಹಗಳಲ್ಲಿ ಆ ಹೆಸರೂ ಸಿಗುತ್ತದೆ.

ಹೆಸರನ್ನು ಓದುವುದು

ಮೇಲಿನ ಉದಾಹರಣೆಯನ್ನು ಹಿಡಿದೇ ಹೆಸರಿನ ವ್ಯಾಕರಣವನ್ನು ಕಲಿಯಬಹುದು. ಪೂರ್ಣ ರೂಪದಲ್ಲಿ ಈ ಸಸ್ಯದ ಹೆಸರು ಡೆಂಡ್ರೋಬಿಯಂ ಓವೇಟಂ (ಲಿನಿಯಸ್) ಕ್ರೆಂಟ್ಸ್ಲಿನ್. ಆವರಣದೊಳಗಿರುವವರು ‘ಓವೇಟಂ’ ಎಂಬ ಪದವನ್ನು ಮೊದಲು ಕೊಟ್ಟವರು, ಹೊರಗಿರುವವರು ಅದನ್ನು ಇಂದಿನ ಜಾತಿಗೆ ತಂದವರು. ಬಾರ್ಬಟುಲಂ ಹೆಸರಿನ ಮುಂದೆ ಲಿಂಡ್ಲಿ ಎಂದಷ್ಟೇ ಇದೆ, ಆವರಣವಿಲ್ಲ. 1830ರಲ್ಲಿ ಅವರು ಅದನ್ನು ಡೆಂಡ್ರೋಬಿಯಂ ಎಂದೇ ವರ್ಣಿಸಿದ್ದರಿಂದ ವರ್ಗಾವಣೆಯ ಅಗತ್ಯ ಬೀಳಲಿಲ್ಲ. ಆವರಣವನ್ನು ನೋಡಿದ ಕೂಡಲೇ ಈ ಸಸ್ಯಕ್ಕೆ ಹಿಂದೆ ಬೇರೆ ಜಾತಿಯ ಹೆಸರೊಂದಿತ್ತೆಂದು ತಿಳಿದು, ಆ ಹೆಸರಿನಲ್ಲಿಯೂ ಹುಡುಕಬೇಕು.

ಇತ್ತೀಚಿನ ದಶಕಗಳಲ್ಲಿ ಗೊಂದಲಕ್ಕೆ ಕಾರಣವಾಗಿರುವುದು ಜಾತಿಯ ಎಲ್ಲೆಯ ಕುರಿತ ಚರ್ಚೆ. 2002ರಲ್ಲಿ ಆಸ್ಟ್ರೇಲಿಯಾದ ಮಾರ್ಕ್ ಕ್ಲೆಮೆಂಟ್ಸ್ ಮತ್ತು ಡೇವಿಡ್ ಜೋನ್ಸ್ ಡೆಂಡ್ರೋಬಿಯಂ ಅನ್ನು ಒಡೆದು ಅನೇಕ ಚಿಕ್ಕ ಜಾತಿಗಳನ್ನು ಪ್ರಸ್ತಾಪಿಸಿದರು. ಡಿಎನ್‌ಎ ಅಧ್ಯಯನಗಳು ಮುಂದುವರಿದಂತೆ, ಈ ಬಳಗದಲ್ಲಿ ಏಷ್ಯಾದ ಒಂದು ದೊಡ್ಡ ಕವಲು ಮತ್ತು ಆಸ್ಟ್ರೇಲಿಯಾ–ನ್ಯೂಗಿನಿ ಕಡೆಯ ಇನ್ನೊಂದು ಕವಲು ಇರುವುದೂ, ಹಿಂದೆ ಬೇರೆ ಜಾತಿಗಳೆಂದು ಎಣಿಸಿದ್ದ ಫ್ಲಿಕಿಂಜೇರಿಯಾ, ಕೆಡೇಶಿಯಾ, ಡಿಪ್ಲೋಕಾಲೋಬಿಯಂ ಮುಂತಾದವು ಈ ಕವಲುಗಳ ಒಳಗೇ ಚಿಗುರಿದ ರೆಂಬೆಗಳೆಂಬುದೂ ಗೊತ್ತಾಯಿತು. ಒಂದು ಪೂರ್ವಜನಿಂದ ಬಂದ ಎಲ್ಲರನ್ನೂ ಒಂದೇ ಗುಂಪಿನಲ್ಲಿಡಬೇಕೆಂಬುದು ಇಂದಿನ ವರ್ಗೀಕರಣದ ನಿಯಮ. ಅದನ್ನು ಪಾಲಿಸಲು ಎರಡೇ ದಾರಿ, ಎಲ್ಲವನ್ನೂ ಹತ್ತಾರು ಜಾತಿಗಳಾಗಿ ಒಡೆಯುವುದು ಅಥವಾ ಒಳಗಿನ ಚಿಕ್ಕ ಜಾತಿಗಳನ್ನೆಲ್ಲ ಡೆಂಡ್ರೋಬಿಯಂನಲ್ಲೇ ಸೇರಿಸುವುದು. ಒಡೆದರೆ ಡೆಂಡ್ರೋಬಿಯಂ ಎಂಬ ಹೆಸರು ಜಪಾನ್, ಚೀನಾ ಕಡೆಯ, ಜಾತಿಯ ಹೆಸರಿಗೆ ಆಧಾರವಾದ ಮಾದರಿ ಪ್ರಭೇದವಾದ ಡೆಂಡ್ರೋಬಿಯಂ ಮೊನಿಲಿಫಾರ್ಮೆ ಇರುವ ಏಷ್ಯಾದ ಕವಲಿಗೆ ಉಳಿದು, ಆಸ್ಟ್ರೇಲಿಯಾದ ಪರಿಚಿತ ಗಿಡಗಳೆಲ್ಲ ಹೊಸ ಹೆಸರು ಪಡೆಯಬೇಕಾಗುತ್ತಿತ್ತು. 2011ರಲ್ಲಿ ಆಂಡ್ರೆ ಸ್ಕೌಟೆಮನ್ ಈ ಎರಡು ದಾರಿಗಳನ್ನು ತೂಗಿ ನೋಡಿ ವಿಶಾಲ ಜಾತಿಯ ಪಕ್ಷವನ್ನು ವಹಿಸಿದರು, ಈಗ ಬಹುಪಾಲು ಪಟ್ಟಿಗಳು ಅದನ್ನೇ ಅನುಸರಿಸುತ್ತವೆ. ನನಗೂ ಈ ನಿಲುವೇ ಸರಿಯೆನ್ನಿಸುತ್ತದೆ. ಗದ್ದ ಮತ್ತು ನಾಲ್ಕು ಬೆತ್ತಲೆ ಪರಾಗಪಿಂಡಗಳನ್ನು ಮರದ ಬುಡದಲ್ಲಿ ನಿಂತು ಯಾರಾದರೂ ಪರೀಕ್ಷಿಸಬಹುದು; ಒಡೆದ ಜಾತಿಗಳಲ್ಲಿ ಅನೇಕವನ್ನು ಗುರುತಿಸಲು ಅಂಥ ಸುಲಭವಾದ ಹೊರಗುರುತುಗಳಿಲ್ಲ.

ಇದರಿಂದ ನಮ್ಮ ಕಾಡಿನ ಒಂದು ಗಿಡಕ್ಕೂ ಹೆಸರು ಬದಲಾಗಿದೆ. ಕವಲೊಡೆದ ಕಾಂಡ, ಪ್ರತಿ ಕವಲಿನ ತುದಿಯಲ್ಲಿ ಒಂದು ಹುಸಿಗಡ್ಡೆ, ಅದರ ಮೇಲೆ ಒಂದೇ ಎಲೆ, ಎಲೆಯ ಬುಡದಲ್ಲಿ ಅರಳಿ ಬೇಗನೆ ಬಾಡುವ ಹೂವು ಈ ಲಕ್ಷಣಗಳ ಗಿಡ ಹಲವು ಪುಸ್ತಕಗಳಲ್ಲಿ ಫ್ಲಿಕಿಂಜೇರಿಯಾ ನೋಡೋಸಾ ಎಂದಿದೆ. ಈಗ ಅದು ಡೆಂಡ್ರೋಬಿಯಂ ನೋಡೋಸಂ, ಎಂದರೆ ಮುಂಬೈ ಪ್ರಾಂತ್ಯದ ಸಸ್ಯಗಳನ್ನು ಅಭ್ಯಸಿಸಿದ ಡಾಲ್ಜೆಲ್ 1852ರಲ್ಲಿ ಕೊಟ್ಟ ಮೂಲ ಹೆಸರಿಗೇ ಮರಳಿದೆ. ಇದೇ ಗುಂಪಿನ ಡೆಂಡ್ರೋಬಿಯಂ ಮ್ಯಾಕ್ರೇಯೈ ಆಯುರ್ವೇದದ ಜೀವಂತಿಯೆಂದು ಮಾರಾಟವಾಗುವುದುಂಟು. ಆದರೆ ಜೀವಂತಿ ಎಂಬ ಹೆಸರು ಲೆಪ್ಟಡೀನಿಯಾ ರೆಟಿಕುಲೇಟಾ ಎಂಬ ಬಳ್ಳಿಗೂ ಸಲ್ಲುವುದರಿಂದ ಅಂಗಡಿಯ ಚೀಟಿಯನ್ನು ಸಸ್ಯದ ಗುರುತಿಗೆ ಆಧಾರವೆಂದು ಒಪ್ಪಲಾಗದು.

ನರ್ಸರಿಯಿಂದ ತಂದ ಕುಂಡದ ಗಿಡಕ್ಕೆ ಈ ಕ್ರಮವನ್ನು ಜಾತಿಯ ಹಂತದವರೆಗೆ ಮಾತ್ರ ಅನ್ವಯಿಸಬೇಕು. ಬೆಂಗಳೂರಿನ ಹೂವಿನ ಅಂಗಡಿಗಳಲ್ಲಿ ಕಾಣುವ ನೇರಳೆ ಬಿಳಿಯ ‘ಸೋನಿಯಾ’ದಂಥವು ಮಿಶ್ರತಳಿಗಳು. ಅವುಗಳ ವಂಶದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ರಾಜ್ಯದ ಲಾಂಛನ ಪುಷ್ಪವಾದ ಡೆಂಡ್ರೋಬಿಯಂ ಬಿಗಿಬಂನ ಗುಂಪಿನ ಪಾಲು ದೊಡ್ಡದು. ಅದಕ್ಕೆ ಪ್ರಭೇದದ ಹೆಸರನ್ನು ಹುಡುಕುವುದು ವ್ಯರ್ಥ. ಮಿಶ್ರತಳಿಯ ಹೆಸರನ್ನು ಏಕ ಉದ್ಧರಣ ಚಿಹ್ನೆಯಿಲ್ಲದೆಯೋ, ಆಯ್ದ ತಳಿಯಾದರೆ ಚಿಹ್ನೆಯೊಳಗೋ ಬರೆದರೆ ಮುಗಿಯಿತು.

ದಾಖಲೆ

ಪ್ರತಿ ಗಿಡಕ್ಕೂ ಆರು ಚಿತ್ರಗಳು ಇರಲಿ: ಮರದೊಂದಿಗೆ ಇಡೀ ಗಿಡ, ಕಾಂಡದ ಬುಡ, ಕವಚ ಕಾಣುವಂತೆ ಒಂದು ಗೆಣ್ಣು, ಎದುರಿನಿಂದ ಹೂವು, ಗದ್ದ ಕಾಣುವಂತೆ ಪಕ್ಕದಿಂದ ಹೂವು, ಅಳತೆಪಟ್ಟಿಯ ಪಕ್ಕ ಬಿಡಿಸಿದ ತುಟಿ ಮತ್ತು ಪರಾಗಪಿಂಡಗಳು. ದಿನಾಂಕ, ಸಮುದ್ರಮಟ್ಟದಿಂದ ಎತ್ತರ, ಆಶ್ರಯ ಕೊಟ್ಟ ಮರದ ಹೆಸರು, ಕೊಂಬೆಯ ಎತ್ತರ, ಎಲೆಗಳಿದ್ದವೋ ಉದುರಿದ್ದವೋ ಎಂಬುದನ್ನು ಪಕ್ಕದಲ್ಲೇ ಬರೆಯಬೇಕು. ಕಾಡಿನಿಂದ ಗಿಡ ಕೀಳಲು ಅನುಮತಿಯಿಲ್ಲದೆ ಯಾರಿಗೂ ಹಕ್ಕಿಲ್ಲ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಇಡೀ ಆರ್ಕಿಡ್ ಕುಟುಂಬವೇ ಇದೆ, ಡೆಂಡ್ರೋಬಿಯಂ ಕ್ರುಯೆಂಟಂ ಇನ್ನೂ ಕಟ್ಟುನಿಟ್ಟಾದ ಮೊದಲ ಅನುಬಂಧದಲ್ಲಿದೆ. ಆದ್ದರಿಂದ ಅಪರೂಪದ ಗಿಡ ಸಿಕ್ಕ ನಿಖರ ಜಾಗವನ್ನು ಸಾರ್ವಜನಿಕವಾಗಿ ಹೇಳಬೇಡಿ. ಕಲಿಕೆಗೆ ನಿರಪಾಯವಾದ ಅವಕಾಶವೆಂದರೆ ಕಾಫಿ ತೋಟದಲ್ಲಿ ಮರಗಸಿ ಮಾಡುವ ದಿನಗಳು. ಕತ್ತರಿಸಿ ಬಿದ್ದ ಕೊಂಬೆಗಳ ಮೇಲಿನ ಗಿಡಗಳನ್ನು ತೋಟದವರ ಒಪ್ಪಿಗೆಯಿಂದ ಸಾವಕಾಶವಾಗಿ ಪರೀಕ್ಷಿಸಿ, ಆ ಬಳಿಕ ನಿಂತ ಮರದ ಒರಟು ತೊಗಟೆಗೆ ತೆಂಗಿನ ನಾರಿನಿಂದ ಕಟ್ಟಿದರೆ ಮಳೆಗಾಲದಲ್ಲಿ ಬೇರು ಹಿಡಿಯುತ್ತವೆ.

ನಿರ್ಣಯ ಎಷ್ಟರಮಟ್ಟಿಗೆ ಖಚಿತವೋ ಅಷ್ಟನ್ನೇ ಬರೆಯಬೇಕು. ಜಾತಿ ಮಾತ್ರ ತಿಳಿದಿದ್ದರೆ ‘ಡೆಂಡ್ರೋಬಿಯಂ, ಪ್ರಭೇದ ನಿರ್ಣಯವಾಗಿಲ್ಲ’. ವಿಭಾಗದವರೆಗೆ ತಿಳಿದಿದ್ದರೆ ಅದನ್ನೂ ಸೇರಿಸಿ. ಓವೇಟಂ ಎನ್ನಿಸಿಯೂ ತುಟಿಯ ಅಳತೆ ಸಿಗದಿದ್ದರೆ ‘ಓವೇಟಂ ಜೊತೆ ಹೋಲಿಸಬೇಕು’ ಎಂದು ಗುರುತು ಹಾಕಿ, ಅದೇ ಮರವನ್ನು ಮುಂದಿನ ಜನವರಿಯಿಂದ ಮಾರ್ಚ್‌ವರೆಗೆ ಹದಿನೈದು ದಿನಕ್ಕೊಮ್ಮೆ ನೋಡುವಂತೆ ಟಿಪ್ಪಣಿ ಪುಸ್ತಕದಲ್ಲಿ ದಿನಾಂಕಗಳನ್ನು ಈಗಲೇ ಬರೆದಿಡಿ.